ಅಪ್ಪೆಮಿಡಿ ತೋಟ ಮಾಡೋದು ಹೇಗೆ? ಕುಂಸಿ ಭಾಗದ ರೈತರು, ವ್ಯಾಪಾರಿಗಳಿಗೆ ಇಲ್ಲಿದೆ ಮಾಹಿತಿ

ಕುಂಸಿ: ಬೇಸಿಗೆ ಶುರುವಾದರೆ ಸಾಗರ, ರಿಪ್ಪನ್‌ಪೇಟೆ ಕಡೆ ಮಿಡಿ ಮಾವಿನ ವ್ಯಾಪಾರ ಜೋರು. ಇಲ್ಲಿ ಹೆಚ್ಚಾಗಿ ಎಣಿಕೆ ಲೆಕ್ಕ, ನೂರಕ್ಕೆ ಇಷ್ಟು ಅಂತ. 2009ರ ಹೊತ್ತಿಗೆ ಭೌಗೋಳಿಕ ಸೂಚಿಕೆ (ಜಿಐ) ಪಡೆದ ಅಪ್ಪೆಮಿಡಿಯ ಬಹುಪಾಲು ಈಗಲೂ ಬರೋದು ಹೊಳೆದಂಡೆ, ಕಾಡಿನ ಮರಗಳಿಂದ. ತೊಂದರೆ ಇರೋದೂ ಅಲ್ಲೇ. ಎತ್ತರದ ಮರ ಹತ್ತೋದು ಕಷ್ಟ ಅಂತ ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಕಾಯೆಲ್ಲ ಮಿಡಿಯಲ್ಲೇ ಖಾಲಿಯಾದರೆ ಗೊರಟು ನೆಲಕ್ಕೆ ಬೀಳಲ್ಲ, ಹೊಸ ಸಸಿಯೂ ಹುಟ್ಟಲ್ಲ.

ಕಸಿ ಗಿಡವೇ ಯಾಕೆ?

ಗೊರಟಿನಿಂದ ಹುಟ್ಟಿದ ಗಿಡಕ್ಕೆ ತಾಯಿಮರದ ಪರಿಮಳ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಫಸಲಿಗೂ ಎಂಟು–ಹತ್ತು ವರ್ಷ ಕಾಯಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೇ ಕಾಯಿ ಕೊಡುತ್ತೆ. ಆದರೆ ಕಸಿ ಜಾಗದ ಕೆಳಗೆ ಒಡೆಯುವ ಚಿಗುರನ್ನು ಆಗಾಗ ಚಿವುಟಲೇಬೇಕು. ಬಿಟ್ಟರೆ ಅದೇ ಬೆಳೆದು ಮೇಲಿನ ಅಪ್ಪೆ ಸೊರಗುತ್ತೆ. ಖರೀದಿಗೆ ಮುಂಚೆ ಕಡ್ಡಿ ಯಾವ ಮರದ್ದು ಅಂತ ನರ್ಸರಿಯಲ್ಲಿ ಕೇಳಿ. ಜೀರಿಗೆ ಮಿಡಿಯಾದರೆ ಎಲೆ ಹಿಸುಕಿ ಮೂಸಿ ನೋಡೋದು ಹಳಬರ ಪರೀಕ್ಷೆ.

ಎಲ್ಲಿ, ಎಷ್ಟು ಅಂತರ?

ಅಡಿಕೆ ತೋಟದ ಒಳಗೆ ಬೇಡ. ಅಲ್ಲಿನ ನೆರಳು, ನೀರಿಗೆ ಎಲೆ ಬರುತ್ತೆ, ಹೂವು ಬರಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಮೆಕ್ಕೆಜೋಳದ ಹೊಲ, ಬದು ಒಳ್ಳೇದು. ಹಳೆ ಪದ್ಧತಿಯ 10 ಮೀಟರ್ ಅಂತರದಲ್ಲಿ ಎಕರೆಗೆ 40 ಗಿಡ, 5 ಮೀಟರ್‌ನ ಸಾಂದ್ರ ಪದ್ಧತಿಯಲ್ಲಿ 160. ಸಾಂದ್ರ ಪದ್ಧತಿ ಕೇಳೋಕೆ ಚೆಂದ, ಆದರೆ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಸವರದಿದ್ದರೆ ನಮ್ಮ ಮಳೆಗೆ ಗಾಳಿಯಾಡದೆ ರೋಗದ ಗೂಡಾಗುತ್ತೆ. ಸವರೋಕೆ ಪುರುಸೊತ್ತಿಲ್ಲದವರಿಗೆ 8 ಮೀಟರ್ ವಾಸಿ, ಎಕರೆಗೆ ಸುಮಾರು 60 ಗಿಡ ಕೂರುತ್ತವೆ. ಎಳೆಯ ಗಿಡದ ತುದಿಯನ್ನು ಎರಡು–ಮೂರು ಅಡಿ ಎತ್ತರದಲ್ಲಿ ಕತ್ತರಿಸಿ ಮೂರ್ನಾಲ್ಕು ಕೊಂಬೆ ಬಿಟ್ಟರೆ ಮರ ತಗ್ಗಾಗಿರುತ್ತೆ, ಮುಂದೆ ಕೊಂಬೆ ಕಡಿಯುವ ಪ್ರಮೇಯವೇ ಬರಲ್ಲ.

ಔಷಧಿ ಹೊಡೆಯುವಾಗ ಎಚ್ಚರ

ಹಣ್ಣಿನ ಮಾವಿಗೆ ಹೇಳಿದ ಔಷಧಿ ಪಟ್ಟಿ ಇಲ್ಲಿ ನಡೆಯಲ್ಲ. ಮಿಡಿಯನ್ನು ಕಾಯಿ ಕಚ್ಚಿದ ಕೆಲವೇ ವಾರದಲ್ಲಿ ಕೊಯ್ದು ಸಿಪ್ಪೆ ಸಮೇತ ಉಪ್ಪಿಗೆ ಹಾಕ್ತಾರೆ. ಹೂವಿಗೆ ಹೊಡೆದ ವಿಷ ಇಳಿಯೋಕೆ ಸಮಯವೇ ಸಿಗಲ್ಲ. ಜಿಗಿಹುಳುವಿಗೆ ಹೂ ಬಿಡುವ ಮುಂಚೆಯೇ ಬೇವಿನ ಎಣ್ಣೆ, ಬೂದಿ ರೋಗ ಕಂಡರೆ ಲೀಟರ್ ನೀರಿಗೆ 2ರಿಂದ 3 ಗ್ರಾಂ ನೀರಲ್ಲಿ ಬೆರೆಯುವ ಗಂಧಕ. ಹೂ ಪೂರ್ತಿ ಅರಳಿದಾಗ ಏನನ್ನೂ ಹೊಡೀಬೇಡಿ, ಪರಾಗ ಸಾಗಿಸುವ ನೊಣ, ಜೇನು ಬರೋದು ಆಗಲೇ. ಹಣ್ಣುನೊಣದ ಬಲೆಗೆ ದುಡ್ಡು ಹಾಕೋದೂ ಬೇಡ. ಅದರ ಕಾಟ ಕಾಯಿ ಬಲಿತ ಮೇಲೆ.

ಅಂಗಡಿಯವರು ಗಮನಿಸಿ

ಅಪ್ಪೆಮಿಡಿಯ ಘಮ, ಬಾಳಿಕೆ ಎರಡೂ ಸೊನೆಯಲ್ಲಿ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತೆ. ಮರ ಅಲುಗಿಸಿ ಉದುರಿಸಿದ ಮಿಡಿ, ಬಲೆಚೀಲದ ದೋಟಿಯಲ್ಲಿ ತೊಟ್ಟು ಸಮೇತ ಇಳಿಸಿದ ಮಿಡಿ ಎರಡಕ್ಕೂ ಒಂದೇ ರೇಟು ಕೊಟ್ಟರೆ ಜೋಪಾನವಾಗಿ ಕೊಯ್ಯೋರು ಯಾರು? ತೊಟ್ಟು ನೋಡಿ ರೇಟು ಕಟ್ಟಿ.

ನಾಟಿಗೆ ಜೂನ್–ಜುಲೈ ಸರಿಯಾದ ಕಾಲ. ಗಿಡ, ಸಹಾಯಧನದ ವಿಚಾರಕ್ಕೆ ತೋಟಗಾರಿಕೆ ಇಲಾಖೆಯಲ್ಲಿ, ಬೇಸಾಯದ ಸಲಹೆಗೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.