ರಾಜಾಶ್ರಯದ ಬೆಲೆ

ಕರ್ನಾಟಕದ ಜೈನಧರ್ಮದ ಚರಿತ್ರೆಯನ್ನು ಬರೆದವರೆಲ್ಲ ಬಹುಮಟ್ಟಿಗೆ ರಾಜಾಶ್ರಯದ ಮಾತಿನಿಂದಲೇ ಆರಂಭಿಸುತ್ತಾರೆ. ಗಂಗರು ಆಶ್ರಯವಿತ್ತರು, ರಾಷ್ಟ್ರಕೂಟರು ಆದರಿಸಿದರು, ಹೊಯ್ಸಳರ ಕಾಲದಲ್ಲಿ ಬಸದಿಗಳು ಮೇಲೆದ್ದವು, ಆಮೇಲೆ ಆಶ್ರಯ ತಪ್ಪಿತು, ಧರ್ಮ ಕುಗ್ಗಿತು. ಶಾಲೆಯ ಪಾಠಗಳಲ್ಲಿಯೂ ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿಯೂ ನಾವು ಕೇಳುತ್ತ ಬಂದಿರುವುದು ಇದನ್ನೇ. ಈ ಕಥನದಲ್ಲಿ ಅಸತ್ಯವೇನೂ ಇಲ್ಲ. ಆದರೆ ಆಶ್ರಯ ಕೊಟ್ಟವನು ಅದಕ್ಕೆ ಪ್ರತಿಯಾಗಿ ಏನನ್ನು ಪಡೆದನು, ಪಡೆದವರು ಏನನ್ನು ತೆತ್ತರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ವ್ಯಾಪಾರದಲ್ಲಿ ತಲೆಮಾರುಗಳಿಂದ ತೊಡಗಿರುವ ಸಮಾಜವೊಂದು ಈ ಒಂದು ಲೆಕ್ಕವನ್ನು ಮಾತ್ರ ಬರೆದಿಡದೆ ಹೋದದ್ದು ಸೋಜಿಗವೇ ಸರಿ.

ಮೊದಲಿಗೆ ಗಂಗರ ಪ್ರಸಂಗವನ್ನೇ ನೋಡಬಹುದು. ಸಿಂಹನಂದಿ ಆಚಾರ್ಯರು ದಡಿಗ ಮಾಧವರೆಂಬ ಇಬ್ಬರು ರಾಜಕುಮಾರರಿಗೆ ಅನುಗ್ರಹ ಮಾಡಿ ಗಂಗರಾಜ್ಯವನ್ನು ಸ್ಥಾಪಿಸಿದರೆಂಬುದು ನಮಗೆಲ್ಲ ಪ್ರಿಯವಾದ ಐತಿಹ್ಯ. ಇದನ್ನು ವಿಸ್ತಾರವಾಗಿ ಹೇಳುವ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನ 12ನೆಯ ಶತಮಾನದ್ದು. ಗಂಗರಾಜ್ಯ ಹುಟ್ಟಿದ್ದು ಕ್ರಿ.ಶ. 350ರ ಸುಮಾರಿನಲ್ಲಿ. ನಡುವೆ ಏಳು ಶತಮಾನಗಳಿಗೂ ಮಿಕ್ಕ ಅಂತರವಿದೆ. ಆ ಶಾಸನದಲ್ಲಿ ಆಚಾರ್ಯರು ರಾಜಕುಮಾರರಿಗೆ ವಿಧಿಸಿದ ನಿಯಮಗಳ ಪಟ್ಟಿಯೊಂದಿದೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮದ್ಯಮಾಂಸಗಳಿಗೆ ಎಳಸಿದರೆ, ಬೇಡಿದವರಿಗೆ ಕೊಡದಿದ್ದರೆ ನಿಮ್ಮ ಕುಲ ನಾಶವಾಗುವುದು ಎಂದು ಅದು ಹೇಳುತ್ತದೆ. ಇಷ್ಟರವರೆಗೆ ಶ್ರಾವಕರಿಗೆ ಹೇಳುವ ಮಾತೇ. ಆದರೆ ಅದೇ ಪಟ್ಟಿಯಲ್ಲಿ ಯುದ್ಧರಂಗದಿಂದ ಓಡಿದರೆ ಎಂಬ ಮಾತೂ ಇದೆ. ಮಹಾವ್ರತಿಯಾದ ಮುನಿಯ ಬಾಯಿಂದ ಬರುವ ಉಪದೇಶವೇ ಅದು? ಸಿಂಹಾಸನದ ಪಕ್ಕದಲ್ಲಿ ನಿಂತ ಧರ್ಮವು ಸಿಂಹಾಸನದ ಭಾಷೆಯನ್ನು ಕಲಿಯಬೇಕಾಗುತ್ತದೆ. ಶಾಸನಕಾರನಿಗೆ ಅದರಲ್ಲಿ ವಿರೋಧವೇ ಕಂಡಿಲ್ಲ. ಸುಮಾರು 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಬಿರುದುಗಳನ್ನು ಓದಿದರೂ ಇದೇ ಅನುಭವವಾಗುತ್ತದೆ. ಸಮರ ಪರಶುರಾಮ, ರಣರಂಗಸಿಂಗ ಎಂದು ಹೊಗಳಿಸಿಕೊಂಡ ಸೇನಾನಿ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಹೋದ ಬಾಹುಬಲಿಯನ್ನು ಕಲ್ಲಿನಲ್ಲಿ ಕಡೆಯಿಸಿದನು. ಭಕ್ತಿ ನಿಜವಾದದ್ದೇ ಇರಬಹುದು. ಬಿರುದುಗಳೂ ಅಷ್ಟೇ ನಿಜ.

ಹೊಯ್ಸಳ ಬಿಟ್ಟಿದೇವನ ವಿಷಯದಲ್ಲಿ ಎರಡು ಪಕ್ಷಗಳೂ ಕಥೆ ಕಟ್ಟಿವೆ. ರಾಮಾನುಜರು ಅವನನ್ನು ವಿಷ್ಣುವರ್ಧನನನ್ನಾಗಿ ಮಾಡಿದರೆಂದು ಶ್ರೀವೈಷ್ಣವ ಪರಂಪರೆ ಹೇಳಿದರೆ, ಮತಾಂತರನಾದ ಅರಸ ಬಸದಿಗಳನ್ನು ಕೆಡವಿಸಿದನೆಂದೂ ಆ ಪಾಪಕ್ಕೆ ಭೂಮಿ ಬಾಯ್ಬಿಟ್ಟಿತೆಂದೂ ನಮ್ಮ ಐತಿಹ್ಯ ಹೇಳುತ್ತದೆ. ಶಾಸನಗಳು ಹೇಳುವುದು ಬೇರೆ. 1117ರಲ್ಲಿ ಬೇಲೂರಿನ ಕೇಶವನನ್ನು ಪ್ರತಿಷ್ಠಾಪಿಸಿದ ಈ ಅರಸನ ಪಟ್ಟದರಸಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅವನ ಮಹಾಸೇನಾನಿ ಗಂಗರಾಜ ಕೊನೆಯವರೆಗೂ ಪರಮಜೈನನಾಗಿಯೇ ಇದ್ದನು. ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆಂದು ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ ಪೂಜಾರಿಗಳು ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಒಯ್ದರು. ಅದೇ ವೇಳೆಗೆ ಅವನಿಗೆ ಯುದ್ಧದಲ್ಲಿ ಜಯ ದೊರೆತಿತ್ತು, ಮಗನೂ ಹುಟ್ಟಿದ್ದನು. ಇವೆರಡೂ ಈ ಪ್ರತಿಷ್ಠೆಯ ಫಲವೆಂದು ಸಂತೋಷಗೊಂಡ ಅರಸ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ವೈಷ್ಣವನಾದ ಅರಸ ಜಿನಪ್ರಸಾದಕ್ಕೆ ಕೈಮುಗಿದನೆಂದು ನಾವು ಈ ಪ್ರಸಂಗವನ್ನು ಮತಸಾಮರಸ್ಯದ ಉದಾಹರಣೆಯಾಗಿ ಹೇಳುವುದುಂಟು. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಕಮಠನ ಉಪಸರ್ಗವನ್ನು ಕದಲದೆ ಸಹಿಸಿದ ತೀರ್ಥಂಕರನಿಗೆ ಒಬ್ಬ ಅರಸನ ರಣವಿಜಯದ ಹೆಸರು ಅಂಟಿಕೊಂಡದ್ದು ಹೇಗೆ ಎಂಬುದನ್ನೂ ಕೇಳಬೇಕು. ಬೇಡವೆಂದು ಹೇಳುವ ಧೈರ್ಯ ಆ ದಿನ ಯಾರಿಗೂ ಬಂದಂತೆ ಕಾಣುವುದಿಲ್ಲ. ಈ ಬಸದಿಯ ವಿಷಯ ಮುಂದೆ ಮತ್ತೊಮ್ಮೆ ಬರಲಿದೆ.

ಅರಸನನ್ನು ಧರ್ಮವಿವಾದದ ತೀರ್ಪುಗಾರನನ್ನಾಗಿ ಕೂರಿಸಿದರೆ ಏನಾಗುವುದೆಂಬುದಕ್ಕೆ ಅಬ್ಬಲೂರು ಸಾಕ್ಷಿ. ಸುಮಾರು 1200ರ ಅಲ್ಲಿನ ಶಾಸನದ ಪ್ರಕಾರ ಏಕಾಂತದ ರಾಮಯ್ಯ ಜೈನರೊಡನೆ ಪಣ ತೊಟ್ಟು ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನು. ಸೋತವರು ಜಿನಬಿಂಬವನ್ನು ತೆಗೆಯಲೊಪ್ಪದಿದ್ದಾಗ ಅದನ್ನು ಒಡೆದನು. ದೂರು ಬಿಜ್ಜಳನ ಬಳಿಗೆ ಹೋಯಿತು. ರಾಮಯ್ಯ ಮತ್ತೊಮ್ಮೆ ಪಣಕ್ಕೆ ಸಿದ್ಧನೆಂದನು, ಎದುರು ಪಕ್ಷ ಹಿಂಜರಿಯಿತು, ಅರಸ ಜಯಪತ್ರವನ್ನು ಬರೆದುಕೊಟ್ಟನು. ಪವಾಡವನ್ನು ನಾವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದರೆ ಇದೇ ಮಾದರಿಯ ಗೆಲುವಿನ ಕಥೆಗಳನ್ನು ನಾವೂ ಕಲ್ಲಿನ ಮೇಲೆ ಬರೆಸಿದ್ದೇವೆ. ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ, ಹಿಮಶೀತಲನೆಂಬ ಅರಸನ ಸಭೆಯಲ್ಲಿ ಅಕಲಂಕದೇವರು ಬೌದ್ಧರನ್ನು ಸೋಲಿಸಿ, ಗಡಿಗೆಯೊಳಗೆ ಅಡಗಿದ್ದ ತಾರಾದೇವಿಯನ್ನು ಜಯಿಸಿ, ಆ ಗಡಿಗೆಯನ್ನು ಕಾಲಿನಿಂದ ಒಡೆದರೆಂಬ ವರ್ಣನೆಯಿದೆ. ಅಕಲಂಕರಂತಹ ಮಹಾತಾರ್ಕಿಕರ ಕೀರ್ತಿಗೆ ಒಡೆದ ಗಡಿಗೆಯ ಅಗತ್ಯವಿರಲಿಲ್ಲ. ಅನ್ಯರ ದೇವತೆಯನ್ನು ಸೋಲಿಸಿದ ಕಥೆ ನಮಗೆ ಪ್ರಭಾವನೆ. ನಮ್ಮ ಬಿಂಬ ಒಡೆದ ಕಥೆ ದೌರ್ಜನ್ಯ. ಅನೇಕಾಂತವನ್ನು ಬೋಧಿಸುವವರು ಈ ಎರಡು ಶಾಸನಗಳನ್ನು ಒಟ್ಟಿಗೆ ಓದಬೇಕೆಂಬುದು ನನ್ನ ಬಹುದಿನದ ಅಭಿಪ್ರಾಯ.

ಇನ್ನು 1368ರ ಬುಕ್ಕರಾಯನ ಶಾಸನ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಈ ಶಾಸನವನ್ನು ಉಲ್ಲೇಖಿಸದ ಜೈನಸಮ್ಮೇಳನವನ್ನು ನಾನು ಕಂಡಿಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಜೈನರು ಶ್ರೀವೈಷ್ಣವ ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದ್ದ ಸಭೆಯಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವು. ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿಯೆಂದು ಬಗೆಯಬೇಕು. ಆ ಕಾಲದ ಜಗತ್ತಿನಲ್ಲಿ ಇಂತಹ ತೀರ್ಪನ್ನು ಕೊಟ್ಟ ಅರಸರು ವಿರಳ. ಬುಕ್ಕರಾಯನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು.

ಆದರೆ ವೇದಿಕೆಗಳಲ್ಲಿ ಶಾಸನದ ಉತ್ತರಾರ್ಧವನ್ನು ಓದುವವರಿಲ್ಲ. ಜೈನರು ತಮ್ಮ ಒಪ್ಪಿಗೆಯಿಂದಲೇ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ಕೂಡಿಸುವವನು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ವೈಷ್ಣವರು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ದೂರು ಕೊಟ್ಟವರು ಜೈನರು, ದೂರಿಗೆ ಗುರಿಯಾದವರು ವೈಷ್ಣವ ಭಕ್ತರು. ಕಾವಲಿನ ವೆಚ್ಚ ದೂರುದಾರರ ಮನೆಗಳ ಮೇಲೆ ಬಿದ್ದಿತು. ಕಾವಲುಗಾರರ ನೇಮಕ ಎದುರು ಪಕ್ಷದ ಕೈಗೆ ಹೋಯಿತು. ಅರಸನ ಬೊಕ್ಕಸದಿಂದ ಇದಕ್ಕೆಂದು ಒಂದು ಹಣವೂ ಹೊರಡಲಿಲ್ಲ. ಅಂದಿನ ಪರಿಸ್ಥಿತಿಯಲ್ಲಿ ಇದಕ್ಕಿಂತ ಉತ್ತಮವಾದ ಏರ್ಪಾಡು ಸಾಧ್ಯವಿರಲಿಲ್ಲವೆಂದು ಕೆಲವರು ವಾದಿಸಬಹುದು. ಹಾನಿ ಮಾಡಬಲ್ಲವನನ್ನೇ ಹೊಣೆಗಾರನನ್ನಾಗಿ ಮಾಡುವುದು ರಾಜನೀತಿಯ ಹಳೆಯ ಉಪಾಯ, ಅದರಲ್ಲಿ ವಿವೇಕವೂ ಇದೆ. ನಾನು ಹೇಳುವುದಿಷ್ಟೆ: ಅದು ರಾಜನೀತಿ. ದರ್ಶನಗಳ ಅಭೇದವನ್ನು ಸಾರುವುದಕ್ಕೆ ಅರಸನಿಗೆ ಖರ್ಚಿಲ್ಲ. ಹೊಸ ರಾಜ್ಯ, ಉತ್ತರದಲ್ಲಿ ಬಹಮನಿ ಸುಲ್ತಾನರೊಡನೆ ಕದನ. ವರ್ತಕರೂ ಮಠಗಳೂ ಬೀದಿಯಲ್ಲಿ ಹೊಡೆದಾಡುವುದು ಅವನಿಗೆ ಬೇಕಿರಲಿಲ್ಲ. ವಿವಾದದ ವಸ್ತುವನ್ನೂ ಗಮನಿಸಬೇಕು. ರತ್ನತ್ರಯವೂ ಅಲ್ಲ, ಸ್ಯಾದ್ವಾದವೂ ಅಲ್ಲ. ಯಾರ ಮುಂದೆ ಯಾವ ವಾದ್ಯ ಮೊಳಗಬೇಕು ಎಂಬುದು, ಅಂದರೆ ಬೀದಿಯ ಮರ್ಯಾದೆ.

ಈ ಬೀದಿಯ ಮರ್ಯಾದೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. 1981ರಲ್ಲಿ ಗೊಮ್ಮಟನ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆಗರೆದರು. 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೂ ಪ್ರಧಾನಿಯವರೂ ಬಂದರು. ಅದೇ ಮೇ ತಿಂಗಳಲ್ಲಿ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆಯಿತು. ನಮಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದೂ 2014ರ ಜನವರಿಯಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಿನಲ್ಲಿ. ಬಂದವರು ಯಾವ ಪಕ್ಷದವರೆಂಬುದು ಇಲ್ಲಿ ಮುಖ್ಯವಲ್ಲ. ಎಲ್ಲ ಪಕ್ಷದವರೂ ಬಂದಿದ್ದಾರೆ. ನಮ್ಮ ಸೀಮೆಯ ಒಂದು ಬಸದಿಯಲ್ಲಿ ಜೀರ್ಣೋದ್ಧಾರದ ಕಲ್ಲಿನ ಮೇಲೆ ಮಂತ್ರಿಯೊಬ್ಬರ ಹೆಸರನ್ನು ಮೂಲನಾಯಕನ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ ಕೆತ್ತಿಸಿದ್ದನ್ನು ನೋಡಿ ನಾನು ಆಡಳಿತದವರನ್ನು ಕೇಳಿದೆ. ಅನುದಾನದ ಎರಡನೆಯ ಕಂತು ಇನ್ನೂ ಬರಬೇಕಾಗಿದೆ ಎಂದು ಅವರು ಉತ್ತರಿಸಿದರು.

ಅಧಿಕಾರದಿಂದ ಪಡೆದುಕೊಳ್ಳುವುದು ಒಂದು ಬಗೆ. ಅಧಿಕಾರವನ್ನು ನಮ್ಮ ವ್ರತದ ಪರವಾಗಿ ಅನ್ಯರ ಮೇಲೆ ಪ್ರಯೋಗಿಸುವುದು ಇನ್ನೊಂದು ಬಗೆ. ಅದು ಇನ್ನೂ ಅಪಾಯಕರ. ಗುಜರಾತಿನ ಕುಮಾರಪಾಲ 12ನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವದಿಂದ ರಾಜ್ಯದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಮಕ್ಕಳಿಲ್ಲದೆ ಸತ್ತವರ ಸ್ವತ್ತನ್ನು ಅರಮನೆ ವಶಪಡಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಿ ವಿಧವೆಯರ ಕಣ್ಣೀರು ಒರೆಸಿದ್ದೂ ಅವನೇ. ಧರ್ಮವು ರಾಜನ ಮೇಲೆ ಬೀರಿದ ಸತ್ಪ್ರಭಾವವೆಂದರೆ ಅದು. ಆದರೆ ವಧೆಯ ನಿಷೇಧ ಎಲ್ಲಿಗೆ ಮುಟ್ಟಿತೆಂಬುದನ್ನು ಮೇರುತುಂಗನ ಪ್ರಬಂಧಚಿಂತಾಮಣಿಯ ಒಂದು ಕಥೆ ಹೇಳುತ್ತದೆ. ಹೇನು ಕೊಂದ ವರ್ತಕನೊಬ್ಬನ ಸರ್ವಸ್ವವನ್ನೂ ಕಿತ್ತುಕೊಂಡು ಆ ದ್ರವ್ಯದಿಂದ ಯೂಕಾವಿಹಾರವೆಂಬ ಜಿನಾಲಯವನ್ನು ಕಟ್ಟಿಸಲಾಯಿತಂತೆ. ನಡೆದದ್ದೋ ಇಲ್ಲವೋ, ಜೈನ ಗ್ರಂಥಕಾರ ಇದನ್ನು ಮೆಚ್ಚುಗೆಯಿಂದಲೇ ಬರೆದಿದ್ದಾನೆ. ಕುಮಾರಪಾಲನ ತರುವಾಯ ಬಂದ ಅಜಯಪಾಲ ಜಿನಾಲಯಗಳನ್ನು ಕೆಡವಿಸಿದನೆಂದು ದುಃಖದಿಂದ ಬರೆದವರೂ ಪ್ರಬಂಧಕಾರರೇ. ಒಬ್ಬ ಅರಸನ ಆಜ್ಞೆಯಿಂದ ಬಂದದ್ದನ್ನು ಇನ್ನೊಬ್ಬ ಅರಸನ ಆಜ್ಞೆ ಕಳೆಯಬಲ್ಲುದು.

2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರ್ಯೂಷಣದ ಒಂಬತ್ತು ದಿನ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚುವ ನಿರ್ಣಯವನ್ನು ಎತ್ತಿಹಿಡಿದಾಗ ನಮ್ಮಲ್ಲಿ ಹರ್ಷವಾಯಿತು. 2015ರಲ್ಲಿ ಮುಂಬಯಿಯಲ್ಲಿ ಅದೇ ಪರ್ವಕ್ಕೆ ಮಾಂಸ ಮಾರಾಟವನ್ನು ನಿಷೇಧಿಸಿದಾಗ ಕೆಲವು ರಾಜಕೀಯ ಪಕ್ಷದವರು ಬೀದಿಯಲ್ಲಿಯೇ ಮಾಂಸ ಮಾರಿ ಪ್ರತಿಭಟಿಸಿದರು, ಬಾಂಬೆ ಹೈಕೋರ್ಟು ಒಂದು ದಿನದ ಮಾರಾಟ ನಿಷೇಧಕ್ಕೆ ತಡೆಯಾಜ್ಞೆ ಕೊಟ್ಟಿತು. ಕ್ಷಮಾಪಣೆ ಕೇಳುವ ಪರ್ವದಲ್ಲಿ ನೆರೆಹೊರೆಯವರಿಗೂ ನಮಗೂ ನಡುವೆ ಪೊಲೀಸರು ನಿಲ್ಲುವ ಪ್ರಸಂಗ ಬಂದರೆ ಯಾವ ಜೀವಕ್ಕೆ ಅಭಯ ದೊರೆತಂತಾಯಿತು? ಅಹಿಂಸೆ ಅಣುವ್ರತವಾಗಿರುವುದು ಕೈಕೊಂಡವನಿಗೆ. ಇನ್ನೊಬ್ಬನ ಅಂಗಡಿಯ ಬಾಗಿಲಿಗೆ ಹಾಕುವ ಬೀಗಕ್ಕೆ ಶ್ರಾವಕಾಚಾರದಲ್ಲಿ ಸ್ಥಾನವಿಲ್ಲ.

ಹಳೇಬೀಡಿಗೆ ಮರಳಬೇಕು. ವಿಜಯಪಾರ್ಶ್ವನ ಬಸದಿ ಕಟ್ಟಿ ಐದು ಶತಮಾನಗಳಾಗಿದ್ದವು. ವಿಜಯ ಪಡೆದ ಅರಸನ ವಂಶ ಎಂದೋ ಅಳಿದುಹೋಗಿತ್ತು. ಬೇಲೂರು ನಾಯಕರ ಆಳ್ವಿಕೆಯಲ್ಲಿ, 1638ರಲ್ಲಿ, ಹುಚ್ಚಪ್ಪದೇವನೆಂಬ ವೀರಶೈವ ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ಜೈನರು ಅದನ್ನು ಅಳಿಸಿದರು. ವಿವಾದ ಬೆಳೆಯಿತು, ಕೊನೆಗೆ ಎರಡೂ ಕಡೆಯ ಹಿರಿಯರು ಕೂಡಿ ರಾಜಿ ಮಾಡಿದರು. ಜೈನರ ಪೂಜೆಗೆ ಅಡ್ಡಿ ಬಂದವನು ಶಿವನಿಗೂ ಜಂಗಮರಿಗೂ ದ್ರೋಹಿಯೆಂದು ವೀರಶೈವ ಮಹಾಮಹತ್ತಿನವರೇ ಬರೆಸಿಕೊಟ್ಟರು. ಅವರ ಈ ಔದಾರ್ಯವನ್ನು ನೆನೆಯಬೇಕು. ಕಂಬದ ಮೇಲಿನ ಜಗಳವನ್ನು ಊರಿನವರು ಊರಿನಲ್ಲಿಯೇ ಬಗೆಹರಿಸಿಕೊಂಡದ್ದು ಇಂದಿನವರಿಗೂ ಕಷ್ಟವೆನಿಸುವ ಕೆಲಸ. ರಾಜಿಯ ಕರಾರೂ ಅದೇ ಕಲ್ಲಿನಲ್ಲಿದೆ. ವಿಭೂತಿ ವೀಳ್ಯಗಳನ್ನು ಮೊದಲು ಸಲ್ಲಿಸಿ, ಆಮೇಲೆ ಜೈನರು ತಮ್ಮ ವಿಜಯಪಾರ್ಶ್ವನಿಗೆ ಪೂಜೆ, ದೀಪ, ಅಲಂಕಾರಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಂಡು ಬರತಕ್ಕದ್ದು.