ಡ್ರಿಲ್ ಪಿರಿಯಡ್ಡಿನಿಂದ ಉಸಿರಿನವರೆಗೆ

ಭಟ್ಕಳ, ಹೊನ್ನಾವರ, ಕುಮಟಾದ ಹೈಸ್ಕೂಲು ಮಕ್ಕಳಿಗೆ ಯೋಗವೆಂದರೆ ಮೊದಲು ನೆನಪಾಗುವುದು ಜೂನ್ 21. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಭಯಕ್ಕೂ ಅದೇ ಮದ್ದು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಆದರೆ ನಮ್ಮ ಶಾಲೆಗಳಿಗೆ ಯೋಗ ಬಂದ ದಾರಿಯನ್ನು ನೋಡಿದರೆ, ಅದು ಮನಸ್ಸಿಗಿಂತ ಮೊದಲು ಮೈಯನ್ನು ಹಿಡಿದು ಬಂದದ್ದು ತಿಳಿಯುತ್ತದೆ.

ಈ ಕರಾವಳಿ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಪ್ರಾಂತ್ಯದ ಲೋಣಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಕಟ್ಟಿದರು. ಆಸನ, ಪ್ರಾಣಾಯಾಮಗಳು ದೇಹದಲ್ಲಿ ಏನು ಮಾಡುತ್ತವೆ ಎಂಬುದನ್ನು ಎಕ್ಸ್‌ರೇ ಮತ್ತು ರಕ್ತದೊತ್ತಡದ ಅಳತೆಗಳಿಂದ ಪರೀಕ್ಷಿಸಿದರು. ಮುಂಬಯಿ ಸರ್ಕಾರದ ದೈಹಿಕ ಶಿಕ್ಷಣ ಸಮಿತಿಯಲ್ಲೂ ಅವರಿದ್ದರು. ಒಬ್ಬ ಗುರುವಿನ ಬಳಿ ಒಬ್ಬ ಶಿಷ್ಯ ಕಲಿಯುತ್ತಿದ್ದುದನ್ನು, ಮಾಸ್ತರರ ಆಜ್ಞೆಗೆ ಸಾಲುಸಾಲಾಗಿ ಮಾಡಬಹುದಾದ ಸಾಮೂಹಿಕ ವ್ಯಾಯಾಮವಾಗಿ ಅವರು ರೂಪಿಸಿದರು.

ಅದೇ ಕಾಲಕ್ಕೆ ಘಟ್ಟದ ಮೇಲೆ, ಮೈಸೂರಿನಲ್ಲಿ, ಇನ್ನೊಂದು ಪ್ರಯೋಗ ನಡೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಬಂತು. ಅಲ್ಲಿ ಕಲಿತವರಲ್ಲಿ ಅರಸು ಮನೆತನಗಳ ಹುಡುಗರಿದ್ದರು. ಚುರುಕು, ಬಲ, ಶಿಸ್ತು ಆ ಪಾಠದ ಮುಖ್ಯ ಗುರಿ. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ಬಳಲಿದ್ದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಅಲ್ಲಿ ಕಲಿತು, 1937ರಲ್ಲಿ ಕಲಿಸಲು ಪುಣೆಗೆ ಹೋದರು.

‘ಮಾನಸಿಕ ಒತ್ತಡಕ್ಕೆ ಯೋಗ’ ಎಂಬ ಮಾತು ಶಾಲೆಗಳಲ್ಲಿ ಗಟ್ಟಿಯಾದದ್ದು ಬಹಳ ತಡವಾಗಿ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನವೊಂದು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಶಾಲೆಗಳ ಯೋಗ ತರಗತಿಗೆ 5 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತು. ಇದು ಧರ್ಮಬೋಧೆ ಎಂದು ಕೆಲವು ಪಾಲಕರು ನ್ಯಾಯಾಲಯಕ್ಕೆ ಹೋದರು. ಶಾಲೆಯವರು ಸಂಸ್ಕೃತ ಹೆಸರುಗಳನ್ನು ಬಿಟ್ಟು, ಪದ್ಮಾಸನಕ್ಕೂ ಮಕ್ಕಳಾಟದ ಹೆಸರಿಟ್ಟಿದ್ದರು. ತರಗತಿ ನಡೆಯಬಹುದು ಎಂದು 2013ರಲ್ಲಿ ತೀರ್ಪಾಯಿತು. 2015ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ಹಲವು ನಂಬಿಕೆಗಳ ಮನೆಗಳಿಂದ ಮಕ್ಕಳು ಒಂದೇ ತರಗತಿಗೆ ಬರುವ ನಮ್ಮ ಕರಾವಳಿಗೂ ಇದು ದೂರದ ಸುದ್ದಿಯಲ್ಲ. ಪಾಲಕರಿಗೆ ಒಪ್ಪಿಗೆಯಾದ ಮಾತಿನಲ್ಲಿ ಹೇಳಿಕೊಟ್ಟರೆ, ನಿಧಾನವಾಗಿ ಉಸಿರಾಡಲು ಯಾವ ಮಗುವಿಗೂ ಅಡ್ಡಿಯಿರದು.

ಈ ಚರಿತ್ರೆಯಿಂದ ಒಂದು ಎಚ್ಚರವನ್ನೂ ಕಲಿಯಬೇಕು. ಡ್ರಿಲ್ಲಾಗಿ ಬಂದ ಯೋಗ ಈಗಲೂ ಡ್ರಿಲ್ಲಿನ ಸ್ವಭಾವವನ್ನು ಪೂರ್ತಿ ಬಿಟ್ಟಿಲ್ಲ. ಸಾಲು ತಪ್ಪಿದ ಮಗುವನ್ನು ಗದರಿಸಿ, ಆಸನಕ್ಕೂ ಅಂಕ ಕೊಟ್ಟರೆ, ಹೆದರಿದ ಮಗುವಿಗೆ ಅದು ಇನ್ನೊಂದು ಪರೀಕ್ಷೆಯಾದೀತು. ನಿದ್ದೆ, ಊಟ ಬಿಡುವಷ್ಟು ಆತಂಕವಿದ್ದರೆ ವೈದ್ಯರೂ ಬೇಕು, ಕೇಳುವ ಕಿವಿಯೂ ಬೇಕು. ಅಂಕದ ಹೊರೆಯನ್ನು ಹೊರಿಸಿದವರು ದೊಡ್ಡವರು. ಅದನ್ನು ಇಳಿಸುವ ಕೆಲಸವನ್ನು ಮಗುವಿನ ಉಸಿರಿಗೇ ವಹಿಸಿ ಕೈತೊಳೆದುಕೊಳ್ಳುವಂತಿಲ್ಲ.