ಬಣ್ಣದ ಜೋಡಿ: ಆರು ಮರದ ಬಿಲ್ಲೆಗಳ ಹಿಂದಿನ 200 ವರ್ಷದ ಕಥೆ

ಇವತ್ತಿನ ಸಂಚಿಕೆಯ ವಿಷಯ ಆರು ಮರದ ಬಿಲ್ಲೆಗಳು. ಎರಡು ಕೆಂಪು, ಎರಡು ಹಳದಿ, ಎರಡು ನೀಲಿ. ಮೂರು ವರ್ಷದ ಮಗುವಿನ ಮುಂದೆ ಇವನ್ನು ಬೆರೆಸಿಟ್ಟು, ಒಂದೇ ಥರದವನ್ನ ಜೋಡಿ ಮಾಡು ಅಂತೀವಿ. ಇವತ್ತು ಇದು ಫೀಸು ಜಾಸ್ತಿ ಇರೋ ಶಾಲೆಗಳ ಕಪಾಟಿನಲ್ಲಿ ಕಾಣೋ ವಸ್ತು. ಆದ್ರೆ ಈ ಆಟ ಹುಟ್ಟಿದ್ದು ಉಳ್ಳವರ ಮಕ್ಕಳಿಗಾಗಿ ಅಲ್ಲ. ‘ಇವನಿಗೆ ಏನೂ ಕಲಿಸೋಕಾಗಲ್ಲ’ ಅಂತ ಎಲ್ಲರೂ ಕೈಬಿಟ್ಟಿದ್ದ ಒಬ್ಬ ಹುಡುಗನಿಗಾಗಿ.

1800ರಲ್ಲಿ ಫ್ರಾನ್ಸಿನ ಅವೆರಾನ್ ಪ್ರದೇಶದ ಕಾಡಿನಿಂದ ಹೊರಬಂದ ಆ ಹುಡುಗನಿಗೆ ಮಾತು ಬರುತ್ತಿರಲಿಲ್ಲ. ವೈದ್ಯ ಇಟಾರ್ ಅವನಿಗೆ ವಿಕ್ಟರ್ ಅಂತ ಹೆಸರಿಟ್ಟು, ಪ್ಯಾರಿಸ್‌ನಲ್ಲಿ ಪಾಠ ಶುರು ಮಾಡಿದರು. ಒಂದು ಹಲಗೆಯ ಮೇಲೆ ಕೆಂಪು ವೃತ್ತ, ನೀಲಿ ತ್ರಿಕೋನ, ಕಪ್ಪು ಚೌಕ ಅಂಟಿಸಿದರು. ಅದೇ ಆಕಾರ, ಅದೇ ಬಣ್ಣದ ರಟ್ಟಿನ ತುಂಡುಗಳನ್ನು ಕೊಟ್ಟು, ಜೋಡಿಸು ಅಂದರು. ವಿಕ್ಟರ್ ಜೋಡಿಸಿದ. ಆಗ ಇಟಾರ್‌ಗೆ ಅನುಮಾನ: ಇವನು ನೋಡ್ತಿರೋದು ಬಣ್ಣವನ್ನೋ ಆಕಾರವನ್ನೋ? ಹಾಗಾಗಿ ಒಂದು ಸಲ ಬಣ್ಣ ಒಂದೇ, ಆಕಾರ ಬೇರೆ ಬೇರೆ. ಇನ್ನೊಂದು ಸಲ ಆಕಾರ ಒಂದೇ, ಬಣ್ಣ ಬೇರೆ ಬೇರೆ. ಗಮನಿಸಿ, ಮುಂದಿನದಕ್ಕೆಲ್ಲ ಬೀಜ ಇಲ್ಲಿದೆ. ಒಂದು ಸಲಕ್ಕೆ ಒಂದೇ ಗುಣ ಬದಲಾಗಬೇಕು.

ಇಟಾರ್‌ರ ಶಿಷ್ಯ ಸೆಗ್ವಿನ್ ಇದನ್ನು ಬುದ್ಧಿಮಾಂದ್ಯರೆಂದು ಕರೆಸಿಕೊಂಡ ಮಕ್ಕಳಿಗಾಗಿ ಬೆಳೆಸಿದರು. ಹೆಸರು ಕಲಿಸೋಕೆ ಮೂರು ಮೆಟ್ಟಿಲು: ‘ಇದು ಕೆಂಪು’, ‘ಕೆಂಪು ಕೊಡು’, ‘ಇದು ಯಾವುದು?’

ಸುಮಾರು 50 ವರ್ಷದ ನಂತರ, ರೋಮ್‌ನ ಯುವ ವೈದ್ಯೆ ಮರಿಯಾ ಮಾಂಟೆಸರಿ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ನೋಡಿದರು. ಇಟಾರ್, ಸೆಗ್ವಿನ್ ಇಬ್ಬರ ಪುಸ್ತಕಗಳನ್ನೂ ಕೈಯಾರೆ ಇಟಾಲಿಯನ್ನಿಗೆ ಬರೆದುಕೊಂಡು ಅಭ್ಯಾಸ ಮಾಡಿದರು. ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳ ಸಮಕ್ಕೆ ಪರೀಕ್ಷೆ ಪಾಸಾದಾಗ ಜನ ಭೇಷ್ ಅಂದರು. ಮಾಂಟೆಸರಿಗೆ ಬಂದ ಯೋಚನೆಯೇ ಬೇರೆ: ಹಾಗಾದ್ರೆ ನಮ್ಮ ಸಾಮಾನ್ಯ ಶಾಲೆಗಳು ಇಷ್ಟು ದಿನ ಏನು ಮಾಡ್ತಿದ್ವು?

1907ರ ಜನವರಿ 6ರಂದು ಅವರು ಶಾಲೆ ತೆರೆದದ್ದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮನೆಯಲ್ಲಿ ನೋಡಿಕೊಳ್ಳೋರಿಲ್ಲದ ಮಕ್ಕಳು ಅವರು. ಶುರುವಿನ ಬಣ್ಣದ ಬಿಲ್ಲೆಗಳಿಗೆ ರೇಷ್ಮೆ ದಾರ ಸುತ್ತಿರುತ್ತಿತ್ತು: ಎಂಟು ಬಣ್ಣ, ಒಂದೊಂದರಲ್ಲೂ ಎಂಟು ಛಾಯೆ, ಒಟ್ಟು 64. ಅಳತೆ ಒಂದೇ, ಆಕಾರ ಒಂದೇ. ಬಣ್ಣ ಮಾತ್ರ ಬೇರೆ. ಬೆರಳು ತಾಗಿ ಬಣ್ಣ ಮಾಸದ ಹಾಗೆ ಅಂಚು ಹಿಡಿದು ಎತ್ತಬೇಕು. ಮೊದಲು ಮೂರೇ ಜೋಡಿ. ಕಣ್ಣಿಗೆ ಜೋಡಿ ಸಿಕ್ಕ ಮೇಲೆ ಹೆಸರು. ‘ಇದ್ಯಾವ ಬಣ್ಣ ಹೇಳು ಪುಟ್ಟಾ’ ಅಂತ ಮೊದಲೇ ಕೇಳೋ ನಾವು ಈ ಕ್ರಮವನ್ನ ತಲೆಕೆಳಗು ಮಾಡ್ತೀವಿ, ಅಲ್ವಾ?

ಭಾರತದಲ್ಲಿ ಈ ಪದ್ಧತಿಗೆ ಮೊದಲಿಗೇ ಮನಸೋತವರಲ್ಲಿ ಒಬ್ಬರು ಗಿಜುಭಾಯಿ ಬಧೇಕಾ. ವಕೀಲಿಕೆ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. 1939ರಲ್ಲಿ ಸ್ವತಃ ಮಾಂಟೆಸರಿ ಮದ್ರಾಸಿನ ಅಡ್ಯಾರ್‌ಗೆ ಬಂದರು; ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಆದರೆ ಸಲಕರಣೆ ದುಬಾರಿ. ನಿಖರ ಅಳತೆಯ ಮರದ ಡಬ್ಬಿಗಳು ಹಳ್ಳಿಗೆ ಹೋಗೋದು ಹೇಗೆ?

ಉತ್ತರ ಕಂಡುಕೊಂಡವರು ಗಿಜುಭಾಯಿ ಜತೆ ದುಡಿದ ತಾರಾಬಾಯಿ ಮೋಡಕ್. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಹಳ್ಳಿಯಲ್ಲಿ, ಅನುತಾಯಿ ವಾಘ್ ಜತೆಗೂಡಿ ಕೆಲಸ ಶುರು ಮಾಡಿದರು. ಎಲೆ, ಹೂವು, ಬೀಜ, ಕಲ್ಲು, ಚಿಪ್ಪು – ಅಲ್ಲೇ ಸಿಕ್ಕಿದ್ದೇ ಸಲಕರಣೆ. ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಅದರ ಅಂಗಳಕ್ಕೆ ಹೋಯಿತು. ಅಂಗನವಾಡಿಯ ಕಲ್ಪನೆ ಬೆಳೆದದ್ದು ಈ ನೆಲದಲ್ಲಿ. 1975ರ ಅಕ್ಟೋಬರ್ 2ರಂದು ಕೇಂದ್ರದ ಐಸಿಡಿಎಸ್ ಯೋಜನೆ 33 ಕಡೆ ಆರಂಭವಾದಾಗ, ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಇತ್ತು.

ಹಾಗಾಗಿ ಅಂಗನವಾಡಿಯಲ್ಲಿ ಮಗುವೊಂದು ಬಾಟಲಿ ಮುಚ್ಚಳಗಳನ್ನೋ ರವಿಕೆ ಬಟ್ಟೆಯ ಚೂರುಗಳನ್ನೋ ಬಣ್ಣ ನೋಡಿ ಜೋಡಿಸ್ತಿದ್ರೆ, ಅದು ಕಡಿಮೆ ದರ್ಜೆಯ ನಕಲು ಅಂತ ಅಂದ್ಕೋಬೇಡಿ. ಅಳತೆ ಒಂದೇ ಇರಲಿ, ಬಣ್ಣ ಮಾತ್ರ ಬೇರೆ ಇರಲಿ. ಇಟಾರ್ ಹಲಗೆಯ ಪಾಠ ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.